ಗಜಕರ್ಣಕ್ಕೆ ಯಾವ ಮುಲಾಮು?

ಮೊಮ್ಮಗನ ಸೊಂಟದ ಮೇಲೆ ಉಂಗುರದಂಥ ಕೆಂಪು ತುರಿಕೆ. ಅಜ್ಜಿ ಔಷಧಿ ಅಂಗಡಿಯಿಂದ ಟ್ಯೂಬು ತರಿಸಿ ಹಚ್ಚುತ್ತಾರೆ. ಎರಡೇ ದಿನಕ್ಕೆ ತುರಿಕೆ ಮಾಯ! ಆದರೆ ಅಂಥ ಎಷ್ಟೋ ಟ್ಯೂಬುಗಳಲ್ಲಿ ಸ್ಟೀರಾಯ್ಡ್ ಬೆರೆತಿರುತ್ತದೆ. ಅದು ಕೆಂಪನ್ನೂ ತುರಿಕೆಯನ್ನೂ ಅಡಗಿಸುತ್ತದೆ ಅಷ್ಟೇ, ಶಿಲೀಂಧ್ರವನ್ನು ಕೊಲ್ಲುವುದಿಲ್ಲ. (ಗಜಕರ್ಣ ತರುವುದು ಹುಳುವಲ್ಲ ಮಕ್ಕಳೇ, ಹಳಸಿದ ರೊಟ್ಟಿಯ ಮೇಲಿನ ಬೂಷ್ಟಿನ ಬಳಗ!) ರೋಗ ಸದ್ದಿಲ್ಲದೆ ಹರಡುತ್ತದೆ, ಉಂಗುರದ ಅಂಚು ಅಳಿಸಿಹೋಗಿ ಮನೆಯ ವೈದ್ಯರಿಗೂ ಗುರುತು ಸಿಗದಂತಾಗುತ್ತದೆ. ಆಗ ಅವರು ಚರ್ಮರೋಗ ತಜ್ಞರ ಬಳಿ ಕಳಿಸಿದರೆ, "ಇಷ್ಟಕ್ಕೆಲ್ಲ ದೊಡ್ಡ ಡಾಕ್ಟರೇ?" ಎನ್ನಬೇಡಿ. ತಜ್ಞರು ಚರ್ಮದ ಹೊಟ್ಟನ್ನು ಮೆಲ್ಲಗೆ ಕೆರೆದು, ಗಾಜಿನ ಮೇಲಿಟ್ಟು, ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಹನಿಸಿ, ಸೂಕ್ಷ್ಮದರ್ಶಕದಲ್ಲಿ ಶಿಲೀಂಧ್ರದ ಎಳೆಗಳನ್ನು ಹುಡುಕುತ್ತಾರೆ. ಹೋಗುವಾಗ ಹಚ್ಚಿದ ಟ್ಯೂಬನ್ನೂ ಒಯ್ಯಿರಿ. ಅದೇ ಟವೆಲ್ ಬಳಸಿ ತುರಿಸಿಕೊಳ್ಳುತ್ತಿರುವ ಅಜ್ಜನೂ ಜೊತೆಗೇ ಹೊರಡಲಿ.