ಕಂಪನಿಯೇ ಮನೆಯಾದರೆ ಮನೆಯ ಗತಿಯೇನು?

ದೇವರ ಆರಾಧನೆಗಾಗಿ ಮೂರು ದಿನಗಳ ಬಿಡುವು ಬೇಕೆಂದು ಇಸ್ರಯೇಲರು ಕೇಳಿದಾಗ ಫರೋಹನು ನೀಡಿದ ಉತ್ತರ ವಿಮೋಚನಾಕಾಂಡದ ಐದನೆಯ ಅಧ್ಯಾಯದಲ್ಲಿದೆ. ಬಿಡುವು ಕೇಳುವವರು ಸೋಮಾರಿಗಳೆಂದು ಆತ ತೀರ್ಮಾನಿಸಿದ. ಇಟ್ಟಿಗೆಗೆ ಬೇಕಾದ ಹುಲ್ಲನ್ನು ಇನ್ನು ಅವರೇ ಆಯ್ದು ತರಬೇಕು, ಆದರೆ ಇಟ್ಟಿಗೆಯ ಲೆಕ್ಕ ಮಾತ್ರ ಕಡಿಮೆಯಾಗಕೂಡದು ಎಂದು ಅಪ್ಪಣೆ ಹೊರಡಿಸಿದ. ಲೆಕ್ಕ ತಪ್ಪಿದಾಗ ಏಟು ಬಿದ್ದದ್ದು ಇಸ್ರಯೇಲರೇ ಆಗಿದ್ದ ಮೇಸ್ತ್ರಿಗಳಿಗೆ.

ಬೆಂಗಳೂರಿನ ಗಾಜಿನ ಕಟ್ಟಡಗಳಲ್ಲಿ ದುಡಿಯುವ ನಮ್ಮ ಅನೇಕ ಯುವಕ ಯುವತಿಯರಿಗೆ ಇದು ಹಳೆಯ ಕಥೆಯಲ್ಲ. ಇಬ್ಬರು ಬಿಟ್ಟುಹೋದ ಕೆಲಸ ಮೂರನೆಯವರ ತಲೆಗೆ ಬರುತ್ತದೆ. ಗಡುವು ಮಾತ್ರ ಬದಲಾಗುವುದಿಲ್ಲ. ರಾತ್ರಿ ಹನ್ನೊಂದು ಗಂಟೆಗೆ ಬಂದ ಸಂದೇಶಕ್ಕೆ ಉತ್ತರಿಸದವರು 'ತಂಡಕ್ಕೆ ಹೊಂದಿಕೊಳ್ಳುವವರಲ್ಲ' ಎನಿಸಿಕೊಳ್ಳುತ್ತಾರೆ. ರಜಾದಿನದ ವಿಹಾರವೂ ಅಲ್ಲಿ ಕಡ್ಡಾಯ, ನಗುವೂ ಕಡ್ಡಾಯ. ಇದೆಲ್ಲಕ್ಕೂ ಹೊದಿಸುವ ಹೆಸರು, 'ನಾವೆಲ್ಲ ಒಂದೇ ಕುಟುಂಬ'. ಆದರೆ ಯಾವ ಕುಟುಂಬವೂ ವರ್ಷಕ್ಕೊಮ್ಮೆ ಮಕ್ಕಳಿಗೆ ಅಂಕ ಹಾಕಿ, ಹಿಂದುಳಿದವರನ್ನು ಒಂದು ಪತ್ರದಿಂದ ಹೊರಗಟ್ಟುವುದಿಲ್ಲ.

ಈ ಧೋರಣೆ ಗುಟ್ಟಾಗಿಯೂ ಉಳಿದಿಲ್ಲ. ಉದ್ಯೋಗಿಗಳು ವಾರಕ್ಕೆ 90 ಗಂಟೆ ದುಡಿಯಬೇಕು, ಭಾನುವಾರವೂ ದುಡಿಸಲಾಗದ್ದಕ್ಕೆ ವಿಷಾದವಿದೆ ಎಂಬರ್ಥದ ಲಾರ್ಸನ್ ಅಂಡ್ ಟೂಬ್ರೊ ಅಧ್ಯಕ್ಷರ ಮಾತು 2025ರ ಜನವರಿಯಲ್ಲಿ ದೇಶವಿಡೀ ಚರ್ಚೆಯಾಯಿತು. ನಮ್ಮ ರಾಜ್ಯದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ದಿನಕ್ಕೆ 9, ವಾರಕ್ಕೆ 48 ಗಂಟೆಗಳ ಮಿತಿಯನ್ನು ಹಾಕಿತ್ತು. ಐಟಿ ವಲಯದಲ್ಲಿ ದಿನಕ್ಕೆ 14 ಗಂಟೆಗಳವರೆಗೆ ದುಡಿಸಲು ಅವಕಾಶ ನೀಡುವ ಪ್ರಸ್ತಾಪ 2024ರ ಜುಲೈನಲ್ಲಿ ಬಂದಾಗ ನೌಕರರ ಸಂಘಟನೆಗಳು ಪ್ರತಿಭಟಿಸಬೇಕಾಯಿತು.

ದುಡಿಮೆ ಪವಿತ್ರವೆಂಬುದನ್ನು ಧರ್ಮಸಭೆಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಕಾರ್ಮಿಕ ಸಂತ ಜೋಸೆಫರ ಹಬ್ಬವನ್ನು ಮೇ 1ರಂದು ಆಚರಿಸಬೇಕೆಂದು ಹನ್ನೆರಡನೆಯ ಭಕ್ತಿನಾಥರು (ಪಿಯುಸ್) 1955ರಲ್ಲಿ ಸಾರಿದರು. ಪಡೆದ ಸಂಬಳಕ್ಕೆ ಪ್ರಾಮಾಣಿಕವಾಗಿ ದುಡಿಯುವುದು ನಮ್ಮ ಕರ್ತವ್ಯ. ಆದರೆ ಹದಿಮೂರನೆಯ ಲಿಯೋ ಅವರು 1891ರ 'ರೇರುಂ ನೊವಾರುಂ' ವಿಶ್ವಪತ್ರದಲ್ಲಿ, ಆರಾಧನೆಗೂ ವಿಶ್ರಾಂತಿಗೂ ಸಲ್ಲಬೇಕಾದ ದಿನ ಕಾರ್ಮಿಕನ ಹಕ್ಕೆಂದು ಎತ್ತಿಹಿಡಿದರು. ಮನುಷ್ಯನಿಗಾಗಿ ದುಡಿಮೆಯೇ ಹೊರತು ದುಡಿಮೆಗಾಗಿ ಮನುಷ್ಯನಲ್ಲ ಎಂಬುದು ಎರಡನೆಯ ಜಾನ್ ಪೌಲರ 1981ರ ವಿಶ್ವಪತ್ರದ ತಿರುಳು. ಸಂಬಳವು ಶ್ರಮಕ್ಕೆ ಕೊಡುವ ಪ್ರತಿಫಲ; ಅಂತಃಸಾಕ್ಷಿ, ಮನೆ, ಪ್ರಾರ್ಥನೆ ಇವು ಆ ಒಪ್ಪಂದದಲ್ಲಿ ಮಾರಾಟವಾದ ವಸ್ತುಗಳಲ್ಲ.

ಇಲ್ಲಿ ತಂದೆತಾಯಿಗಳಿಗೊಂದು ಮಾತು. ಮಗಳು ಫೋನಿನಲ್ಲಿ 'ನನ್ನಿಂದಾಗುವುದಿಲ್ಲ' ಎಂದಾಗ ನಮ್ಮ ಬಾಯಿಂದ ಮೊದಲು ಹೊರಡುವ ಮಾತು ಯಾವುದು? 'ಎಲ್ಲ ಕಡೆಯೂ ಹೀಗೆಯೇ, ಸ್ವಲ್ಪ ಸಹಿಸಿಕೋ'. ಮನೆಸಾಲದ ಕಂತು, ನಿಶ್ಚಯವಾಗಬೇಕಾದ ಮದುವೆ, ನೆಂಟರ ನಡುವಿನ ಮರ್ಯಾದೆ ಇವೆಲ್ಲ ಆ ಉತ್ತರದ ಹಿಂದಿರುತ್ತವೆ. ಆ ಕ್ಷಣದಲ್ಲಿ ಫರೋಹನ ಆಜ್ಞೆಯನ್ನು ನಾವೇ ಪುನರುಚ್ಚರಿಸುತ್ತೇವೆ. ಮಕ್ಕಳಿಗೆ ಹಿಂತಿರುಗಿ ಬರಲು ಒಂದು ಬಾಗಿಲು ತೆರೆದಿದೆ ಎಂಬ ಭರವಸೆಯೊಂದಿದ್ದರೆ ಅವರು ಅನ್ಯಾಯಕ್ಕೆ 'ಇಲ್ಲ' ಎನ್ನಬಲ್ಲರು. ಅದಿಲ್ಲದವರು ಮೌನವಾಗಿ ಕುಸಿಯುತ್ತಾರೆ.

ಅಧಿಕಾರದ ಸ್ಥಾನದಲ್ಲಿರುವ ಕಥೋಲಿಕರೂ, ಶಾಲೆ ಆಸ್ಪತ್ರೆಗಳನ್ನು ನಡೆಸುವ ನಮ್ಮ ಸಂಸ್ಥೆಗಳೂ ತಮ್ಮನ್ನು ಇದೇ ತಕ್ಕಡಿಯಲ್ಲಿ ತೂಗಿಕೊಳ್ಳಲಿ. 'ಸೇವೆ' ಎಂಬ ಪದವೂ 'ಕುಟುಂಬ' ಎಂಬ ಪದದಂತೆಯೇ ದುರ್ಬಳಕೆಯಾಗಬಲ್ಲದು.

ಕುಟುಂಬವೆಂಬ ಹೆಸರು ಅಗ್ಗವಲ್ಲ. ಸೋತು ಬಂದವರಿಗೂ ಎಲೆ ಹಾಕುವ ಮನೆಗೆ ಮಾತ್ರ ಅದು ಸಲ್ಲುತ್ತದೆ. ಅಂಥ ಮನೆ ನಮ್ಮದಾಗಿದೆಯೇ ಎಂಬುದನ್ನು ಇಂದು ಸಂಜೆ ಜಪಸರ ಪ್ರಾರ್ಥನೆ ಮುಗಿದ ಮೇಲೆ, ದೂರದಲ್ಲಿರುವ ಮಕ್ಕಳಿಗೆ ಫೋನು ಮಾಡಿ, ಅವರ ಸಂಬಳದ ವಿಚಾರ ಬಿಟ್ಟು ಅವರ ಕ್ಷೇಮವನ್ನಷ್ಟೇ ಕೇಳಿ ಕಂಡುಕೊಳ್ಳೋಣ.