ಅಳತೆಯ ನಿಮಿಷಗಳು

ತೊಂಬತ್ತರ ದಶಕದಲ್ಲಿ ಶುಕ್ರವಾರದ ಜುಮಾ ನಮಾಝ್ ಮುಗಿದೊಡನೆ ಕೊಲ್ಲಿ ರಾಷ್ಟ್ರಗಳ ನಗರಗಳಲ್ಲಿ ಸಾರ್ವಜನಿಕ ದೂರವಾಣಿಗಳ ಮುಂದೆ ಸಾಲು ಬೆಳೆಯುತ್ತಿತ್ತು. ಮಲಯಾಳಿಗಳು, ಬಂಗಾಳಿಗಳು, ಪಾಕಿಸ್ತಾನದವರು, ಅವರ ನಡುವೆ ನಮ್ಮ ಕರಾವಳಿಯ ಬ್ಯಾರಿಗಳು ಮತ್ತು ಭಟ್ಕಳದ ನವಾಯತರು ಬಿಸಿಲಲ್ಲಿ ಬೆವರೊರೆಸುತ್ತಾ ನಿಲ್ಲುತ್ತಿದ್ದರು. ಪ್ರತಿಯೊಬ್ಬರ ಕೈಯಲ್ಲೂ ಒಂದು ಕಾರ್ಡ್ ಇರುತ್ತಿತ್ತು. ಕೆಲವರ ಜೇಬಿನಲ್ಲಿ, ಮಾತನಾಡಬೇಕಾದ ವಿಷಯಗಳನ್ನು ಕ್ರಮವಾಗಿ ಬರೆದಿಟ್ಟ ಚೀಟಿಯೂ ಇರುತ್ತಿತ್ತು. ತಾರುಣ್ಯದಲ್ಲಿ ಕೆಲಕಾಲ ಆ ಸಾಲಿನಲ್ಲಿ ನಿಂತವರಲ್ಲಿ ನಾವೂ ಒಬ್ಬರು.

ಇಂದಿನ ತರುಣರಿಗೆ ಆ ಕಾರ್ಡಿನ ಪರಿಚಯವಿರಲಾರದು. ಕೆಲವು ಕಾರ್ಡುಗಳನ್ನು ಯಂತ್ರದೊಳಗೆ ತೂರಿಸಬೇಕಿತ್ತು. ಮಾತು ಮುಂದುವರಿದಂತೆ ಪುಟ್ಟ ಪರದೆಯ ಮೇಲಿನ ಅಂಕಿ ಕಣ್ಣೆದುರೇ ಇಳಿಯುತ್ತಿತ್ತು. ಇನ್ನು ಕೆಲವು ಕಾರ್ಡುಗಳ ಹಿಂಬದಿಯ ಬೆಳ್ಳಿ ಲೇಪವನ್ನು ನಾಣ್ಯದಿಂದ ಕೆರೆದರೆ ಒಂದು ಗುಪ್ತ ಸಂಖ್ಯೆ ಕಾಣುತ್ತಿತ್ತು. ಮೊದಲು ಕಂಪೆನಿಯ ಸಂಖ್ಯೆ, ಬಳಿಕ ಆ ಗುಪ್ತ ಸಂಖ್ಯೆ, ಅನಂತರ ಭಾರತದ 0091, ಮಂಗಳೂರಿನ 824, ಕೊನೆಗೆ ಮನೆಯ ಸಂಖ್ಯೆ. ನಡುವೆ ಒಂದು ಅಂಕಿ ತಪ್ಪಿದರೂ ಮೊದಲಿನಿಂದ ಆರಂಭಿಸಬೇಕು. ಹಿಂದೆ ನಿಂತವರ ಅಸಹನೆಯನ್ನೂ ಸಹಿಸಬೇಕು.

ಇತ್ತ ಊರಿನ ಕಥೆಯೂ ಸುಲಭದ್ದಾಗಿರಲಿಲ್ಲ. 1984ರಲ್ಲಿ ಸಿ-ಡಾಟ್ ಸ್ಥಾಪನೆಯಾಗಿ, ಸ್ಯಾಮ್ ಪಿತ್ರೋಡಾರಂತಹವರ ಪ್ರಯತ್ನದಿಂದ ಎಸ್‌ಟಿಡಿ, ಐಎಸ್‌ಡಿ, ಪಿಸಿಒ ಎಂಬ ಹಳದಿ ಫಲಕಗಳು ಕ್ರಮೇಣ ಊರೂರಿಗೆ ತಲುಪಿದವು. ಆದರೂ ಮನೆಮನೆಗೆ ಫೋನ್ ಬಂದಿರಲಿಲ್ಲ. ನಾವು ಮೊದಲು ಪಕ್ಕದ ಮನೆಗೆ ಕರೆ ಮಾಡಿ, "ನಮ್ಮ ಉಮ್ಮನನ್ನು ಒಮ್ಮೆ ಕರೆಯಿರಿ, ಹತ್ತು ನಿಮಿಷ ಬಿಟ್ಟು ಮಾಡುತ್ತೇವೆ" ಎಂದು ಹೇಳಿ ಇಡುತ್ತಿದ್ದೆವು. ಆ ಒಂದು ಮಾತಿಗೇ ಒಂದು ನಿಮಿಷ ಖರ್ಚಾಗುತ್ತಿತ್ತು. ಉಮ್ಮ ಅಡುಗೆಯನ್ನು ಅರ್ಧಕ್ಕೆ ಬಿಟ್ಟು, ತಲೆಯ ಮೇಲೆ ಸೆರಗೆಳೆದುಕೊಂಡು, ಬೇಲಿ ದಾಟಿ ಓಡಿ ಬರುತ್ತಿದ್ದರು. ಏದುಸಿರು ಇಳಿಯುವುದಕ್ಕೂ ಒಂದರ್ಧ ನಿಮಿಷ ಹೋಗುತ್ತಿತ್ತು.

ಆ ಕಾಲವನ್ನು ಸುವರ್ಣಯುಗವೆಂದು ಹೊಗಳುವುದು ನಮ್ಮ ಉದ್ದೇಶವಲ್ಲ. ಆ ನಿಮಿಷಗಳ ಅಳತೆಯೊಳಗೆ ಎಷ್ಟೋ ಸಂಕಟಗಳು ಹೇಳದೆಯೇ ಉಳಿದುಹೋದವು. ಸಂಬಳವಾಗದೆ ಮೂರು ತಿಂಗಳಾಯಿತೆಂದು ಮಗ ಹೇಳಲಿಲ್ಲ, ಎದೆನೋವು ಕಾಣಿಸಿಕೊಂಡಿದೆಯೆಂದು ತಂದೆ ಹೇಳಲಿಲ್ಲ. ನೆರೆಮನೆಯವರ ಎದುರಿನಲ್ಲಿ ಹೊಸ ಮದುಮಗಳಿಗೆ ತನ್ನ ಗಂಡನೊಡನೆ ಮನಬಿಚ್ಚಿ ಎರಡು ಮಾತಾಡಲೂ ಆಗಲಿಲ್ಲ. ಆ ಬಡತನ ಮರಳಿ ಬರುವುದು ಬೇಡ.

ಆ ಕಾರ್ಡುಗಳ ವ್ಯಾಪಾರದಲ್ಲಿ ಒಂದು ಮೋಸವೂ ಇತ್ತು. ಅದರಿಂದ ನಾವಿಂದು ಕಲಿಯಬೇಕಾದ ಪಾಠವೊಂದಿದೆ. ಜಾಹೀರಾತಿನಲ್ಲಿ ಹೇಳಿದಷ್ಟು ನಿಮಿಷಗಳು ಅನೇಕ ಕಾರ್ಡುಗಳಲ್ಲಿ ಸಿಗುತ್ತಿರಲಿಲ್ಲ. ಸಂಪರ್ಕ ದೊರೆತದ್ದಕ್ಕೆ ಒಂದು ಶುಲ್ಕ, ಸಾರ್ವಜನಿಕ ದೂರವಾಣಿ ಬಳಸಿದ್ದಕ್ಕೆ ಇನ್ನೊಂದು, ಕಾರ್ಡನ್ನು ಕೆಲವು ದಿನ ಬಳಸದೆ ಇಟ್ಟರೆ ಮತ್ತೊಂದು. ಹತ್ತು ಸೆಕೆಂಡು ಹೆಚ್ಚು ಮಾತನಾಡಿದರೂ ಪೂರ್ಣ ನಿಮಿಷದ ಲೆಕ್ಕ. ಇವೆಲ್ಲವೂ ಓದಲಾಗದಷ್ಟು ಸಣ್ಣ ಅಕ್ಷರಗಳಲ್ಲಿ ಮುದ್ರಣಗೊಂಡಿರುತ್ತಿದ್ದವು. ಅಮೆರಿಕದಲ್ಲಿ ವಲಸೆಗಾರರಿಗೆ ಇಂತಹ ಕಾರ್ಡುಗಳನ್ನು ಮಾರುತ್ತಿದ್ದ ಕೆಲವು ಕಂಪೆನಿಗಳ ವಿರುದ್ಧ ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ 2008ರಲ್ಲಿ ನ್ಯಾಯಾಲಯದ ಮೆಟ್ಟಿಲೇರಿತು. ಪರೀಕ್ಷಿಸಿ ನೋಡಿದಾಗ, ವಾಗ್ದಾನ ಮಾಡಿದ ನಿಮಿಷಗಳಲ್ಲಿ ಸುಮಾರು ಅರ್ಧದಷ್ಟು ಮಾತ್ರ ದೊರೆಯುತ್ತಿತ್ತೆಂಬುದು ಅದರ ಆರೋಪವಾಗಿತ್ತು. ಊರಿನ ಧ್ವನಿ ಕೇಳಲು ಹಂಬಲಿಸುವ ದುಡಿಮೆಗಾರನ ಬೆವರಿನಿಂದ ಕದ್ದ ನಿಮಿಷಗಳವು.

ಪವಿತ್ರ ಕುರ್‌ಆನಿನ 83ನೇ ಅಧ್ಯಾಯದ ಹೆಸರೇ 'ಅಲ್ ಮುತಫ್ಫಿಫೀನ್'. ತಮಗೆ ಬರಬೇಕಾದುದನ್ನು ತುಂಬಾ ಅಳೆದು ಪಡೆದು, ಇತರರಿಗೆ ಕೊಡುವಾಗ ಕಡಿಮೆ ಮಾಡುವವರಿಗೆ ಅಲ್ಲಾಹನು ಅದರಲ್ಲಿ ಕಠಿಣ ಎಚ್ಚರಿಕೆ ನೀಡಿದ್ದಾನೆ. ಅದನ್ನು ನಾವು ಮದ್ರಸದ ಮಕ್ಕಳಿಗೆ ಬೋಧಿಸುವಾಗ ಅಕ್ಕಿ ಅಂಗಡಿಯ ತಕ್ಕಡಿಯನ್ನು ಉದಾಹರಿಸುತ್ತೇವೆ, ಕಾರ್ಡಿನ ನಿಮಿಷಗಳನ್ನೂ ಉದಾಹರಿಸುತ್ತೇವೆ. ಅಳೆದು ಕೊಡುವ ಎಲ್ಲದಕ್ಕೂ ಆ ಎಚ್ಚರಿಕೆ ಅನ್ವಯಿಸುತ್ತದೆಂದು ವಿವರಿಸುತ್ತೇವೆ.

ಹೀಗೆ ಪಾಠ ಹೇಳುತ್ತಿದ್ದ ಒಂದು ದಿನ, ನಮ್ಮ ಮೊಹಲ್ಲಾದ ವೃದ್ಧೆಯೊಬ್ಬರು ಮದ್ರಸದ ಬಾಗಿಲಿಗೆ ಬಂದರು. ಅವರ ಮೂವರು ಗಂಡುಮಕ್ಕಳೂ ವಿದೇಶದಲ್ಲಿದ್ದಾರೆ. ಕೈಯಲ್ಲಿ ಹಿರಿಯ ಮಗ ಕಳುಹಿಸಿದ ಬೆಲೆಬಾಳುವ ಮೊಬೈಲ್ ಇತ್ತು. "ಉಸ್ತಾದರೇ, ಇದು ಕೆಟ್ಟಿದೆಯೋ ಏನೋ, ಒಮ್ಮೆ ನೋಡಿ. ಮಕ್ಕಳ ಫೋನೇ ಬರುವುದಿಲ್ಲ" ಎಂದರು. ನಾವು ಪರೀಕ್ಷಿಸಿದೆವು. ಅದರಲ್ಲಿ ಹಣವಿತ್ತು, ಇಂಟರ್ನೆಟ್ಟೂ ಇತ್ತು. ನಮ್ಮ ಮೊಬೈಲಿನಿಂದ ಕರೆ ಮಾಡಿದಾಗ ಅದು ಚೆನ್ನಾಗಿಯೇ ರಿಂಗಾಯಿತು. ಫೋನಿನಲ್ಲಿ ಯಾವ ದೋಷವೂ ಇರಲಿಲ್ಲ. ಅದನ್ನು ಆ ತಾಯಿಗೆ ಹೇಗೆ ಹೇಳುವುದೆಂದು ನಮಗೆ ತೋಚಲಿಲ್ಲ. "ಮೊದಲೆಲ್ಲ ಪಕ್ಕದ ಮನೆಗಾದರೂ ಶುಕ್ರವಾರ ತಪ್ಪದೆ ಮಾಡುತ್ತಿದ್ದರು" ಎನ್ನುತ್ತಾ ಅವರು ಮೊಬೈಲನ್ನು ಸೆರಗಿನಲ್ಲಿ ಕಟ್ಟಿಕೊಂಡು ಹೊರಟುಹೋದರು.

ಅಂದು ಪಾಠ ಮುಂದುವರಿಸಲು ನಮಗೆ ನಾಚಿಕೆಯಾಯಿತು. ಏಕೆಂದರೆ ನಾವೂ ಅದೇ ತಪ್ಪಿನಲ್ಲಿ ಪಾಲುದಾರರು. ಕಾರ್ಡ್ ಕಂಪೆನಿ ಹತ್ತು ನಿಮಿಷ ಕಡಿಮೆ ಕೊಟ್ಟಾಗ ನಾವು ಅನ್ಯಾಯವೆಂದು ಕೂಗಾಡಿದೆವು. ಇಂದು ಲೆಕ್ಕವಿಲ್ಲದಷ್ಟು ನಿಮಿಷಗಳು ಪುಕ್ಕಟೆಯಾಗಿ ನಮ್ಮ ಕೈಗೆ ಬಂದಿವೆ. ಅವುಗಳಲ್ಲಿ ಹೆತ್ತವರಿಗೆ ನಾವು ಎಷ್ಟು ಕೊಡುತ್ತಿದ್ದೇವೆ? ಗುಂಪುಗಳಲ್ಲಿ ಬಂದ ಸಂದೇಶಗಳನ್ನು ರಾತ್ರಿಯಿಡೀ ಹಂಚುವ ನಾವು, ಉಮ್ಮನ ಕರೆ ಬಂದಾಗ "ಕೆಲಸದಲ್ಲಿದ್ದೇವೆ, ಆಮೇಲೆ ಮಾಡುತ್ತೇವೆ" ಎನ್ನುತ್ತೇವೆ. ಅವರು ಮಾತನಾಡುತ್ತಿರುವಾಗಲೇ ಬೆರಳು ಬೇರೆ ಪರದೆಯ ಮೇಲೆ ಓಡುತ್ತಿರುತ್ತದೆ. ಪ್ರತಿ ತಿಂಗಳೂ ಹಣ ಕಳುಹಿಸಿದರೆ ಹಕ್ಕು ತೀರಿತೆಂದು ಭಾವಿಸುತ್ತೇವೆ. ಪೂರ್ತಿ ಅಳೆದು ಪಡೆದು ಕಡಿಮೆ ಅಳೆದು ಕೊಡುವುದೆಂದರೆ ಇದೇ ಅಲ್ಲವೇ?

ಬಿಡುವಿಲ್ಲವೆಂಬ ವಾದವನ್ನು ನಾವು ಒಪ್ಪಲಾರೆವು. ಹನ್ನೆರಡು ಗಂಟೆ ದುಡಿದು, ವಾರದ ಒಂದೇ ರಜೆಯ ದಿನವೂ ಬಿಸಿಲಲ್ಲಿ ಸಾಲು ನಿಂತವನಿಗೆ ನಮಗಿಂತ ಹೆಚ್ಚು ಬಿಡುವಿತ್ತೇ? ಅವರು ಕರೆ ಮಾಡದ ಕಾರಣ ನಾವೂ ಮಾಡುವುದಿಲ್ಲವೆನ್ನುವ ಹಟವೂ ಸಲ್ಲದು. ಮಾಡಿದವರಿಗೆ ಪ್ರತಿಯಾಗಿ ಮಾಡುವುದಷ್ಟೇ ಸಂಬಂಧ ಜೋಡಿಸುವುದಲ್ಲ, ಕಡಿದುಹೋದುದನ್ನು ತಾನಾಗಿ ಬೆಸೆಯುವವನೇ ನಿಜವಾಗಿ ಕುಟುಂಬ ಸಂಬಂಧ ಜೋಡಿಸುವವನು ಎಂಬುದು ಪ್ರವಾದಿ(ಸ)ರ ಬೋಧನೆಯಾಗಿದೆ.

ಆದ್ದರಿಂದ ಸಹೋದರರೇ, ಆ ಸಾಲಿನಲ್ಲಿ ಒಮ್ಮೆಯಾದರೂ ನಿಂತವರಿಗೆ ನಮ್ಮದೊಂದು ವಿನಂತಿ. ಶುಕ್ರವಾರದ ಆ ಕರೆಯನ್ನು ಮತ್ತೆ ಆರಂಭಿಸಿರಿ. ಕುಳಿತು, ಬೇರೆಲ್ಲವನ್ನೂ ಬದಿಗಿಟ್ಟು ಮಾತನಾಡಿರಿ. ಅಂದು ಸಮಯ ಸಾಲದೆ ಕೇಳದೆ ಉಳಿದ ಪ್ರಶ್ನೆಗಳನ್ನು ಇಂದು ಕೇಳಿರಿ: ಮಂಡಿ ನೋವು ಹೇಗಿದೆ, ರಾತ್ರಿ ನಿದ್ದೆ ಬರುತ್ತದೆಯೇ, ಜೊತೆಗೆ ಯಾರಿದ್ದಾರೆ? ಕಾರ್ಡಿನಲ್ಲಿ ಉಳಿದ ಸಮಯವನ್ನು ಯಂತ್ರವು ಮೊದಲೇ ತಿಳಿಸುತ್ತಿತ್ತು. ಹೆತ್ತವರ ಆಯುಷ್ಯದಲ್ಲಿ ಉಳಿದ ನಿಮಿಷಗಳನ್ನು ನಮಗೆ ಯಾರೂ ತಿಳಿಸುವುದಿಲ್ಲ.

ಅಳತೆಯಲ್ಲಿ ನ್ಯಾಯ ಪಾಲಿಸುವವರ ಸಾಲಿನಲ್ಲಿ ಅಲ್ಲಾಹನು ನಮ್ಮನ್ನು ಸೇರಿಸಲಿ. ಆಮೀನ್.