ನೇತ್ರಾವತಿ, ಫಲ್ಗುಣಿ ನದಿಗಳಲ್ಲಿ ಪ್ರಯಾಣಿಕ ದೋಣಿ ಸಂಚಾರ: ಫಳ್ನೀರ್ ನಿವಾಸಿಗಳ ಮನವಿ ಪತ್ರ

ಇವರಿಗೆ,
ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಗಳು,
ಕರ್ನಾಟಕ ಜಲಸಾರಿಗೆ ಮಂಡಳಿ

ಮೂಲಕ: ಮಾನ್ಯ ಜಿಲ್ಲಾಧಿಕಾರಿಗಳು, ದಕ್ಷಿಣ ಕನ್ನಡ ಜಿಲ್ಲೆ, ಮಂಗಳೂರು

ವಿಷಯ: ನದಿಗಳಲ್ಲಿ ದಿನನಿತ್ಯದ ದೋಣಿ ಸಂಚಾರ ಆರಂಭಿಸುವ ಹಾಗೂ ಕಿಂಡಿ ಅಣೆಕಟ್ಟುಗಳಲ್ಲಿ ದೋಣಿಗೆ ದಾರಿ ಒದಗಿಸುವ ಕುರಿತು.

ಮಾನ್ಯರೇ,

ಫಳ್ನೀರ್ ರಸ್ತೆಯಲ್ಲಿ ನಿಂತವರಿಗೆ ನದಿ ಕಾಣುವುದಿಲ್ಲ. ಆದರೆ ಜೆಪ್ಪು ಕಡೆಗೆ ಇಳಿದರೆ ನೇತ್ರಾವತಿ, ಹಂಪನಕಟ್ಟೆ ದಾಟಿ ಬಂದರಿಗೆ ಇಳಿದರೆ ಫಲ್ಗುಣಿ. ಹೀಗಿದ್ದೂ ತೊಕ್ಕೊಟ್ಟಿಗೋ ಉಳ್ಳಾಲಕ್ಕೋ ಹೋಗಬೇಕಾದರೆ ನಾವು ಪಂಪ್‌ವೆಲ್ ವೃತ್ತದ ದಟ್ಟಣೆಯನ್ನೂ ಹೆದ್ದಾರಿ ಸೇತುವೆಯನ್ನೂ ನಂಬಿ ಹೊರಡಬೇಕಾಗಿದೆ.

ಹಿಂದೆ ಹೀಗಿರಲಿಲ್ಲ. ಘಟ್ಟದಿಂದ ಇಳಿದ ಸರಕು ಬಂಟ್ವಾಳ, ಪಾಣೆಮಂಗಳೂರಿನಲ್ಲಿ ದೋಣಿಗೇರಿ ಮಂಗಳೂರು ಬಂದರು ಸೇರುತ್ತಿತ್ತು. ಬಾಸೆಲ್ ಮಿಶನ್ 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದದ್ದು ಹೊಳೆಯ ದಡದಲ್ಲೇ. ಆವೆಮಣ್ಣು ಬರಲಿಕ್ಕೂ ಸುಟ್ಟ ಹಂಚು ಹೊರಡಲಿಕ್ಕೂ ಅದೇ ಅನುಕೂಲ. ಹಳೇ ಬಂದರಿನಿಂದ ಲಕ್ಷದ್ವೀಪಕ್ಕೆ ಮಂಜಿ ಹಡಗುಗಳು ಸರಕು ಹೊತ್ತು ಹೋಗುವ ರೂಢಿ ನಮ್ಮ ಕಾಲದವರೆಗೂ ಉಳಿದು ಬಂದಿದೆ.

2016ರ ರಾಷ್ಟ್ರೀಯ ಜಲಮಾರ್ಗ ಕಾಯ್ದೆ ದೇಶದ 111 ಜಲಮಾರ್ಗಗಳಲ್ಲಿ ನೇತ್ರಾವತಿಯನ್ನು 74ನೆಯದಾಗಿ ಹೆಸರಿಸಿದೆ: ಧರ್ಮಸ್ಥಳದಿಂದ ಬೆಂಗ್ರೆಯ ಅಳಿವೆಯವರೆಗೆ 78 ಕಿಲೋಮೀಟರ್. ಫಲ್ಗುಣಿಯೂ ಗುರುಪುರ ನದಿಯೆಂಬ ಹೆಸರಿನಲ್ಲಿ ಅದೇ ಪಟ್ಟಿಯಲ್ಲಿದೆ. ಕಾಗದದ ಮೇಲಿನ ಈ ದಾರಿಯಲ್ಲಿ ಅಳಿವೆಯಿಂದ ದೋಣಿ ಬಿಟ್ಟು ನೋಡಿದರೆ ಹರೇಕಳ–ಅಡ್ಯಾರ್ ಅಣೆಕಟ್ಟಿನಲ್ಲೇ ಪಯಣ ಮುಗಿಯುತ್ತದೆ. ಅದರಾಚೆ ತುಂಬೆ, ಜಕ್ರಿಬೆಟ್ಟು, ಶಂಭೂರು ಅಣೆಕಟ್ಟುಗಳು. ಫಲ್ಗುಣಿಯಲ್ಲಿ ಮರವೂರು. ಮಳೆಗಾಲದಲ್ಲಿ ಗೇಟು ತೆರೆದಿರುವಾಗ ನೆರೆಯ ಸೆಳೆತಕ್ಕೆ ದೋಣಿ ಇಳಿಸುವಂತಿಲ್ಲ. ಬೇಸಗೆಯಲ್ಲಿ ನೀರು ಶಾಂತವಾದಾಗ ಗೇಟು ಮುಚ್ಚಿರುತ್ತದೆ. ಒಂದು ಕಾಯ್ದೆ ತೆರೆದ ದಾರಿಯನ್ನು ಇನ್ನೊಂದು ಇಲಾಖೆಯ ಕಾಂಕ್ರೀಟು ಮುಚ್ಚುವುದು ಯಾವ ಯೋಜನೆಯೋ ತಿಳಿಯದು.

ಅಣೆಕಟ್ಟು ಕೆಡವಿ ಎಂದು ನಾವು ಕೇಳುತ್ತಿಲ್ಲ. ತುಂಬೆಯ ನೀರನ್ನೇ ನಾವೂ ಕುಡಿಯುತ್ತೇವೆ. ಈಗಿರುವ ಪ್ರತಿ ಅಣೆಕಟ್ಟಿನ ಮೇಲ್ಬದಿಗೂ ಕೆಳಬದಿಗೂ ಒಂದೊಂದು ಜೆಟ್ಟಿ, ನಡುವೆ ನಡೆದು ಹೋಗುವ ದಾರಿ ಇರಲಿ. ಪ್ರಯಾಣಿಕರು ಇಳಿದು ಇನ್ನೊಂದು ದೋಣಿ ಹತ್ತಿಯಾರು. ಇನ್ನು ಮುಂದೆ ಕಟ್ಟುವ ಯಾವುದೇ ಅಣೆಕಟ್ಟಿನ ವಿನ್ಯಾಸದಲ್ಲಿ ದೋಣಿ ದಾಟಿಸುವ ಲಾಕ್ ಕಡ್ಡಾಯವಾಗಬೇಕು.

ಬಜಾಲ್‌ನಿಂದ ಮರವೂರುವರೆಗಿನ ವಾಟರ್ ಮೆಟ್ರೋ ಪ್ರಸ್ತಾವವನ್ನು ಸ್ವಾಗತಿಸುತ್ತೇವೆ. ಕೊಚ್ಚಿಯಲ್ಲಿ 2023ರ ಏಪ್ರಿಲ್‌ನಲ್ಲಿ ಆರಂಭವಾದ ಸೇವೆ ದ್ವೀಪದ ಜನರಿಗೂ ಪ್ರವಾಸಿಗರಿಗೂ ಒದಗಿದೆ. ಇಲ್ಲಿಯೂ ಮೊದಲ ಹಕ್ಕು ನಿತ್ಯ ಪ್ರಯಾಣಿಕರದ್ದಾಗಲಿ. ಸೂರ್ಯಾಸ್ತ ತೋರಿಸುವ ದೋಣಿಗಳು ಆಮೇಲೆ ಬರಲಿ, ಸೂರ್ಯನಿಗೇನೂ ಅವಸರವಿಲ್ಲ. ಮೊದಲ ಹಂತದಲ್ಲಿ ಜೆಪ್ಪು, ಉಳ್ಳಾಲ, ಬಂದರು, ಸುಲ್ತಾನ್ ಬತ್ತೇರಿಗಳನ್ನು ಜೋಡಿಸಿ, ಸಿಟಿ ಬಸ್ಸಿಗೂ ದೋಣಿಗೂ ಒಂದೇ ಟಿಕೆಟು ಮಾಡಬೇಕು. ಬಂದರು–ಬೆಂಗ್ರೆ, ಸುಲ್ತಾನ್ ಬತ್ತೇರಿ–ತಣ್ಣೀರುಬಾವಿ ಕಡವುಗಳಲ್ಲಿ ದುಡಿಯುವವರನ್ನು ಹೊರದಬ್ಬದೆ, ತರಬೇತಿ ಕೊಟ್ಟು ಹೊಸ ಸೇವೆಯಲ್ಲಿ ಸೇರಿಸಿಕೊಳ್ಳಬೇಕು. ಅಳಿವೆಯ ಮರಳದಿಣ್ಣೆ ಎಲ್ಲಿ ಸರಿದಿದೆ ಎಂಬುದನ್ನು ಅವರಷ್ಟು ಬಲ್ಲವರು ವಿರಳ.

ನೇತ್ರಾವತಿಯ ನಡುಗಡ್ಡೆಯಾದ ಪಾವೂರು ಉಳಿಯ ಕುದ್ರುವಿನ ಸಂಗತಿ ಬೇರೆಯೇ. ಅಲ್ಲಿನ ಕುಟುಂಬಗಳಿಗೆ ದೋಣಿಯೆಂಬುದು ಶಾಲೆಗೆ, ಆಸ್ಪತ್ರೆಗೆ, ಪೇಟೆಗೆ ಹೋಗುವ ದಾರಿ. ಸುತ್ತಲಿನ ಮರಳುಗಾರಿಕೆಯಿಂದ ಕುದ್ರುವಿನ ದಡವೇ ಕುಸಿಯುತ್ತ ಬಂದಿದೆ. ಅಲ್ಲಿಗೆ ಗಟ್ಟಿಯಾದ ಜೆಟ್ಟಿ, ಜೀವರಕ್ಷಕ ಕವಚ, ರಾತ್ರಿಯ ದೀಪ ಕೊಡಲು ಮೆಟ್ರೋ ಬರುವವರೆಗೆ ಕಾಯಬೇಕಾಗಿಲ್ಲ. ಕುದ್ರುವಿನ ಸುತ್ತ ಮರಳೆತ್ತುವುದನ್ನು ಪೂರ್ತಿ ನಿಲ್ಲಿಸಬೇಕು.

ಕೆರೆಗಳ ಬಗ್ಗೆ ಎರಡು ಮಾತು. ಪಿಲಿಕುಳದ ಕೆರೆಯಲ್ಲಿ ದೋಣಿವಿಹಾರವಿದೆ, ಪಕ್ಕದಲ್ಲೇ ಫಲ್ಗುಣಿ ಹರಿಯುತ್ತದೆ. ನದಿ ದಡದಲ್ಲಿ ಜೆಟ್ಟಿಯೊಂದಾದರೆ ಮರವೂರಿನಿಂದ ದೋಣಿಯಲ್ಲೇ ಅಲ್ಲಿಗೆ ಹೋಗಬಹುದು. ನಗರದೊಳಗಿನ ಗುಜ್ಜರಕೆರೆಗೆ ಮಾತ್ರ ಪೆಡಲ್ ದೋಣಿ ತರುವ ಮೊದಲು ಕೊಳಚೆ ಸೇರದಂತೆ ನೋಡಿಕೊಳ್ಳಬೇಕು.

ಇಳಿತದ ಹೊತ್ತಿನಲ್ಲಿ ಎರಡೂ ನದಿಗಳ ಆಳ ಎಲ್ಲೆಲ್ಲಿ ಎಷ್ಟಿದೆ ಎಂಬ ಸಮೀಕ್ಷೆಯನ್ನು ಕನ್ನಡದಲ್ಲಿ ಪ್ರಕಟಿಸಿ, ಯೋಜನಾ ವರದಿ ಅಂತಿಮಗೊಳ್ಳುವ ಮುನ್ನ ಮಂಗಳೂರಿನಲ್ಲಿ ಸಾರ್ವಜನಿಕ ಸಭೆ ಕರೆಯಬೇಕೆಂದೂ, ಈ ಮನವಿಗೆ ಲಿಖಿತ ಉತ್ತರ ನೀಡಬೇಕೆಂದೂ ಕೋರುತ್ತೇವೆ.

ಇಂತಿ ತಮ್ಮ ವಿಶ್ವಾಸಿಗಳು,
ಫಳ್ನೀರ್ ಪರಿಸರದ ನಿವಾಸಿಗಳು, ಮಂಗಳೂರು

ಪ್ರತಿ: ಆಯುಕ್ತರು, ಮಂಗಳೂರು ಮಹಾನಗರ ಪಾಲಿಕೆ